ಗೊತ್ತಿದ್ದವನ ಕೈ

ಸಾಗರದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ರಕ್ತ ತೆಗೆಯುತ್ತಿದ್ದೇನೆ. ಈ ಕೆಲಸದಲ್ಲಿ ಜನರ ಮುಖ ನೋಡುವ ಅಭ್ಯಾಸ ತಪ್ಪಿಹೋಗುತ್ತದೆ. ಕುರ್ಚಿಯಲ್ಲಿ ಬಂದು ಕೂತವರ ಮೊಣಕೈ, ಅಲ್ಲಿ ನರ ಸಿಗುತ್ತದೋ ಇಲ್ಲವೋ ಎನ್ನುವುದೇ ಮೊದಲು ಕಣ್ಣಿಗೆ ಬೀಳುವುದು. ಪೇಟೆಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಯಾರೆಂದು ಹೊಳೆಯುವುದೇ ಇಲ್ಲ. "ತೋಳು ತೋರಿಸಿ ಅನ್ನಿ, ಆಗ ಗುರ್ತು ಸಿಗ್ತದೆ ನಿಮಗೆ" ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಅವಳು ತೀರಿಕೊಂಡು ಈಗ ಎಂಟು ವರ್ಷವಾಯಿತು.

ಮೂರು ವರ್ಷದ ಹಿಂದಿನ ಒಂದು ಫೆಬ್ರವರಿ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. ಆ ದಿನಗಳಲ್ಲಿ ಯಾರಿಗೆ ಸ್ವಲ್ಪ ಮೈ ಬಿಸಿಯಾದರೂ ಡಾಕ್ಟರು ಪ್ಲೇಟ್‌ಲೆಟ್ ನೋಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದು ಕಳಿಸುತ್ತಾರೆ. ಅಂದು ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಒಬ್ಬ ಹೆಂಗಸು ಶಾಲು ಹೊದ್ದು ಬಂದು ಕೂತಳು. ಚೀಟಿಯನ್ನು ಮೇಜಿನ ಮೇಲಿಟ್ಟು, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸ್ಪಿರಿಟ್ಟಿನ ಹತ್ತಿ ಉಜ್ಜಿ ಸೂಜಿ ಕೈಗೆತ್ತಿಕೊಂಡೆ.

"ಗ್ಲೌಸ್ ಹಾಕ್ಕೊಳ್ಳಿ" ಎಂದಳು.

ರಶ್ ಇದ್ದಾಗ ನಾನು ಗ್ಲೌಸ್ ಹಾಕದೆ ಕೆಲಸ ಮಾಡುವುದುಂಟು. ಮಾಡಬಾರದು, ಆದರೂ ಮಾಡುತ್ತಿದ್ದೆ. "ಪರವಾಗಿಲ್ಲಮ್ಮ, ಅಭ್ಯಾಸ ಇದೆ" ಎಂದೆ.

"ಹಾಕ್ಕೊಳ್ಳಿ ಅಂದೆ." ಬೆಂಚಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ನಂಗೆ ಎಚ್‌ಐವಿ ಇದೆ. ಒಂಬತ್ತು ವರ್ಷದಿಂದ ಮಾತ್ರೆ ತಗೊಳ್ತಾ ಇದೀನಿ. ಆದ್ರೂ ಸೂಜಿ ಹಿಡಿಯೋರಿಗೆ ಹೇಳ್ಬೇಕಲ್ಲ."

ಹೀಗೆ ತಾನಾಗಿ ಹೇಳುವವರು ಕಡಿಮೆ. ನಾನು ಗ್ಲೌಸ್ ಹಾಕಿಕೊಳ್ಳುತ್ತ, ಟ್ಯೂಬಿನ ಮೇಲೆ ಬರೆಯಲೆಂದು ಚೀಟಿಯಲ್ಲಿದ್ದ ಹೆಸರು ಓದಿದೆ. ವಯಸ್ಸು ಐವತ್ತೊಂದು ಎಂದಿತ್ತು. ಆ ಹೆಸರಿನವರು ಊರಿಗೆ ಹತ್ತು ಜನ ಸಿಕ್ಕಾರು. ಆದರೂ ತಲೆ ಎತ್ತಿ ನೋಡಿದೆ. ಸೂಜಿ ಕಂಡರೆ ಎಲ್ಲರೂ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಈಗ ಗುರ್ತು ಸಿಕ್ತಾ?" ಎಂದಳು.

ಅವಳನ್ನು ನೋಡಿ ಮೂವತ್ತನಾಲ್ಕು ವರ್ಷವಾಗಿತ್ತು. ಕಣ್ಣು ಮುಚ್ಚಿಕೊಂಡರೂ ನರ ಹುಡುಕುತ್ತೇನೆ ಎಂಬ ಹೆಮ್ಮೆಯಿದ್ದ ನಾನು ಅಂದು ಅವಳಿಗೆ ಎರಡು ಸಲ ಚುಚ್ಚಿದೆ.

ನಮ್ಮಿಬ್ಬರ ವಿಷಯ ಹೊಸನಗರದ್ದು. ನನ್ನ ಅಪ್ಪ ಅಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು. ಅವಳ ಅಪ್ಪ ಬಸ್ ಸ್ಟ್ಯಾಂಡಿನ ಎದುರು ಒಂದು ಚಾ ಹೋಟೆಲ್ ಇಟ್ಟುಕೊಂಡಿದ್ದರು. ಪಿಯುಸಿಯಲ್ಲಿ ನಾನು ಅವಳಿಗಿಂತ ಒಂದು ವರ್ಷ ಮುಂದೆ. ಸಂಜೆ ಕಾಲೇಜು ಬಿಟ್ಟ ಮೇಲೆ ಅವಳು ಹೋಟೆಲಿನ ಗಲ್ಲಾದಲ್ಲಿ ಕೂತು ಓದಿಕೊಳ್ಳುತ್ತಿದ್ದಳು. ನಾನು ಬೇಡದ ಚಾ ಕುಡಿಯುತ್ತ ಎದುರಿನ ಮೇಜಿನಲ್ಲಿ ಕೂರುತ್ತಿದ್ದೆ. ಕಾಗದ ಬರೆದರೆ ಅಂಚೆಗೆ ಹಾಕುವ ಹಾಗಿರಲಿಲ್ಲ, ಹಾಕಿದರೆ ಅದನ್ನು ಮುಟ್ಟಿಸುವವರು ನನ್ನ ಅಪ್ಪನೇ. ಹಾಗಾಗಿ ಗಲ್ಲಾದ ಮೇಲಿನ ಬಿಸ್ಕತ್ತಿನ ಭರಣಿಯ ಅಡಿಯಲ್ಲಿ ಚೀಟಿ ಇಡುತ್ತಿದ್ದೆವು. ಎರಡು ವರ್ಷ ಹೀಗೆ ನಡೆಯಿತು. ಜಾತಿ ಬೇರೆ ಬೇರೆ. ಅದು ಇಬ್ಬರಿಗೂ ಗೊತ್ತಿತ್ತು, ಮುಂದೆ ನೋಡಿಕೊಂಡರಾಯಿತು ಎಂದುಕೊಂಡಿದ್ದೆವು.

ಒಂದು ದಿನ ಚೀಟಿ ಅವಳ ಅಪ್ಪನ ಕೈಗೆ ಸಿಕ್ಕಿತು. ಅವರು ಹೊಡೆಯಲಿಲ್ಲ, ಕೂಗಾಡಲೂ ಇಲ್ಲ. "ಭಾನುವಾರ ಹತ್ತು ಗಂಟೆಗೆ ಆ ಹುಡುಗ ಬಂದು ನನ್ನ ಹತ್ರ ಮಾತಾಡ್ಲಿ. ಗಟ್ಟಿ ಇದ್ದಾನಾ ನೋಡ್ತೀನಿ" ಎಂದು ಅವಳ ಮೂಲಕವೇ ಹೇಳಿ ಕಳಿಸಿದರು. ಅಂಥ ಅಪ್ಪ ಆ ಕಾಲದಲ್ಲಿ ಎಷ್ಟು ಜನರಿಗೆ ಸಿಗುತ್ತಿದ್ದರೋ ಕಾಣೆ. ಅವಳು ಖುಷಿಯಿಂದ ಹೇಳಿದಳು. ನಾನೂ ಬರುತ್ತೇನೆ ಎಂದೆ.

ಆ ಭಾನುವಾರ ಒಂಬತ್ತೂವರೆಗೆ ನಾನು ಶಿವಮೊಗ್ಗದ ಬಸ್ ಹತ್ತಿದೆ. ಅಲ್ಲಿ ನನ್ನ ಸೋದರಮಾವ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸೀಟು ನೋಡಿಟ್ಟಿದ್ದರು. ಹದಿನೈದು ದಿನ ಬಿಟ್ಟು ಹೋಗಿದ್ದರೂ ಆಗುತ್ತಿತ್ತು. ಮನೆಯಲ್ಲಿ ಯಾರೂ ನನ್ನನ್ನು ಬೆದರಿಸಿರಲಿಲ್ಲ, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು, ಅಷ್ಟೇ. ಬಸ್ಸು ಹೊರಡುವ ಮುಂಚೆ ಆ ಹೋಟೆಲಿನ ಎದುರು ಏಳೆಂಟು ನಿಮಿಷ ನಿಂತಿತು. ನಾನು ಆಚೆ ಬದಿಯ ಕಿಟಕಿಗೆ ಕೂತು ಪೇಪರ್ ಅಡ್ಡ ಹಿಡಿದಿದ್ದೆ. ಪೇಪರಿನ ಅಂಚಿನಿಂದ ಕಂಡಿತು, ಅವಳ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅವಳು ಒಳಗೆ ಮೇಜು ಒರೆಸುತ್ತಿದ್ದಳು.

ಮರುವರ್ಷ ಅವಳನ್ನು ತೀರ್ಥಹಳ್ಳಿ ಕಡೆಯ ಒಬ್ಬ ಲಾರಿ ಡ್ರೈವರಿಗೆ ಕೊಟ್ಟರು ಎಂದು ಕೇಳಿದೆ. ನಾನು ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಒಬ್ಬಳು ಮಗಳು ಹುಟ್ಟಿದಳು. ಹೆಂಡತಿಯೊಂದಿಗೆ ಚೆನ್ನಾಗಿಯೇ ಬಾಳಿದೆ. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಾತ್ರ ಆ ಹೋಟೆಲಿನ ಕಡೆ ನೋಡದೆ ಸರಸರ ನಡೆದುಬಿಡುತ್ತಿದ್ದೆ.

ಅವಳ ರಿಪೋರ್ಟು ಸಂಜೆಗೆ ಬಂತು. ಪ್ಲೇಟ್‌ಲೆಟ್ ಸರಿಯಾಗಿತ್ತು, ಮಾಮೂಲಿ ಜ್ವರ. ರಿಪೋರ್ಟನ್ನು ಅವರೇ ಬಂದು ಒಯ್ಯುವುದು ಪದ್ಧತಿ. ನಾನು ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಅದು ಅವಳ ಅಕ್ಕನ ಮನೆ. ಅಕ್ಕನಿಗೆ ಆಪರೇಷನ್ ಆಗಿತ್ತೆಂದು ನೋಡಿಕೊಳ್ಳಲು ಬಂದವಳು ತಾನೇ ಮಲಗಿದ್ದಳು. ಜಗಲಿಯಲ್ಲಿ ಕೂರಿಸಿ ಮಾತಾಡಿಸಿದಳು. ಗಂಡ ಹತ್ತು ವರ್ಷದ ಹಿಂದೆ ತೀರಿಕೊಂಡನಂತೆ. ಅವನಿಗೆ ಏನಾಗಿತ್ತೆಂದು ಕೊನೆಗೆ ಆಸ್ಪತ್ರೆಯವರು ಹೇಳಿದ ಮೇಲೆಯೇ ಇವಳ ರಕ್ತವನ್ನೂ ಪರೀಕ್ಷೆ ಮಾಡಿದ್ದು. ಮಕ್ಕಳಾಗಿರಲಿಲ್ಲ. ಈಗ ತೀರ್ಥಹಳ್ಳಿಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಕೆಲಸ.

"ವಾರ್ಡನ್‌ಗೆ ಗೊತ್ತು. ಡಾಕ್ಟ್ರೇ ಬಂದು ಹೇಳಿದ್ರು, ಅಡುಗೆಯಿಂದ ಎಂತದೂ ಆಗಲ್ಲ ಅಂತ" ಎಂದಳು. ನಂತರ, "ನೀವು ಲ್ಯಾಬಲ್ಲಿದೀರಿ ಅಂತ ಅಕ್ಕ ಹೇಳಿದ್ಲು. ಬಾಗಿಲ ತನಕ ಬಂದು ವಾಪಸ್ ಹೋಗೋಣ ಅನ್ಸಿತ್ತು. ಕಾಲಲ್ಲಿ ಶಕ್ತಿ ಇರ್ಲಿಲ್ಲ, ಕೂತ್ಬಿಟ್ಟೆ" ಎಂದಳು.

ಆ ಭಾನುವಾರದ ಬಗ್ಗೆ ನಾನು ಏನೋ ಹೇಳಹೊರಟೆ. ಅವಳು ಕೈ ಎತ್ತಿ ತಡೆದಳು. "ಬ್ಯಾಡ. ಅಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತು. ಈಗ ಯಾರಿಗೆ ಹೇಳ್ತೀರಿ?"

ಫೋನ್ ನಂಬರ್ ಕೊಟ್ಟಳು. ಮೊದಲು ವಾರಕ್ಕೊಂದು ಸಲ ಮಾತಾಡುತ್ತಿದ್ದೆವು, ಆಮೇಲೆ ದಿನವೂ. ನಾನು ಸಾಗರದಲ್ಲಿ, ಅವಳು ತೀರ್ಥಹಳ್ಳಿಯಲ್ಲಿ. ನಡುವೆ ಹೊಸನಗರ. ತಿಂಗಳ ಎರಡನೇ ಭಾನುವಾರ ಅವಳಿಗೆ ರಜೆ. ಅವಳು ಆ ಕಡೆಯ ಬಸ್ಸಿನಲ್ಲಿ, ನಾನು ಈ ಕಡೆಯ ಬಸ್ಸಿನಲ್ಲಿ ಬಂದು ಹೊಸನಗರದಲ್ಲಿ ಇಳಿಯುತ್ತಿದ್ದೆವು. ಅವಳ ಅಪ್ಪನ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೊದಲ ಸಲ ಇಬ್ಬರೂ ಅದರೊಳಗೆ ಹೋಗಿ ಚಾರ್ಜರ್ ನೋಡುವವರ ಹಾಗೆ ನಿಂತೆವು. "ಇಲ್ಲೇ ಒಲೆ ಇದ್ದಿದ್ದು" ಎಂದು ಗಾಜಿನ ಶೋಕೇಸಿನ ಮೂಲೆ ತೋರಿಸಿದಳು. ಅಂಗಡಿಯವನು ಯಾವ ಮಾಡೆಲ್ ಬೇಕು ಎಂದು ಕೇಳಿದ. ನಾವು ನಕ್ಕು ಹೊರಗೆ ಬಂದೆವು.

ಮೂರನೇ ಭೇಟಿಯಲ್ಲಿ ಅವಳ ಬಾಯಿಂದ 'ನೀವು' ಹೋಗಿ 'ನೀನು' ಬಂತು. ಅವಳಿಗೇ ಗೊತ್ತಿಲ್ಲದೆ ಬಂತು. "ನೀನು ಮುಂಚಿನ ಹಾಗೇ ಚಾ ಆರಿಸಿ ಕುಡೀತೀಯ" ಎಂದವಳು, ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಇಡೀ ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಅದೊಂದು ಮಾತು ತಲೆಯಲ್ಲಿ ಓಡುತ್ತಿತ್ತು. ಐವತ್ತೆರಡು ವರ್ಷದವನಿಗೆ ಹಾಗಾಗುತ್ತದೆ ಎಂದರೆ ಯಾರೂ ನಂಬಲಾರರು.

ನಾವು ಒಂದೇ ಮಸಾಲೆ ದೋಸೆ ತರಿಸಿ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಈಗ ಕೂತು ಯೋಚಿಸಿದರೆ, ಅದರಲ್ಲೂ ಒಂದು ಸುಳ್ಳಿತ್ತು ಎನ್ನಿಸುತ್ತದೆ. ಅವಳ ತಟ್ಟೆಗೆ ಕೈ ಹಾಕುವಾಗಲೆಲ್ಲ, ನೋಡು, ನಾನು ಕೈ ಹಾಕುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಬೇರೆ ಯಾರ ತಟ್ಟೆಗೆ ಕೈ ಹಾಕುವಾಗಲೂ ಹಾಗೆ ಅನ್ನಿಸುವುದಿಲ್ಲವಲ್ಲ. ಅದು ಅವಳಿಗೆ ಗೊತ್ತಾಗಿತ್ತೋ ಏನೋ. ಗೊತ್ತಾಗದಿರುವಷ್ಟು ದಡ್ಡಿಯಲ್ಲ ಅವಳು.

ಆಗಸ್ಟಿನಲ್ಲಿ ತಾಲ್ಲೂಕು ಕಚೇರಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ, ಮದುವೆಯಾಗೋಣವೇ ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಿ ಕೂತಳು. "ಯೋಚ್ನೆ ಮಾಡಿ ಕೇಳ್ತಿದೀಯಾ?"

"ಹೂಂ. ನಂಗೆ ಎಲ್ಲ ಗೊತ್ತಲ್ಲ. ನೀನು ಸರಿಯಾಗಿ ಮಾತ್ರೆ ತಗೊಳ್ತೀಯ, ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇದೆ. ಅಂಥವರಿಂದ ಇನ್ನೊಬ್ಬರಿಗೆ ಬರಲ್ಲ. ಮುಟ್ಟಿದ್ರೆ, ಜೊತೆಗೆ ಊಟ ಮಾಡಿದ್ರೆ ಯಾವತ್ತೂ ಬರಲ್ಲ. ನಾನೇ ಎಷ್ಟು ಜನಕ್ಕೆ ಹೇಳಿದೀನಿ."

"ನಂಗೇ ಪಾಠ ಮಾಡ್ತೀಯಲ್ಲೋ" ಎಂದು ನಕ್ಕಳು. ನಕ್ಕವಳು ಕಣ್ಣು ಒರೆಸಿಕೊಂಡಳು. "ನಿನ್ನ ಮಗಳಿಗೆ ಹೇಳು. ಮದುವೆ ವಿಷ್ಯನೂ ಹೇಳು, ಇದನ್ನೂ ಹೇಳು. ಅವಳು ಸರಿ ಅಂದ್ರೆ ನಂದೂ ಸರಿ. ಮುಚ್ಚಿಟ್ಕೊಂಡು ಒಂದು ಮನೆಗೆ ಹೋಗೋಕೆ ನನ್ನ ಕೈಲಿ ಆಗಲ್ಲ."

"ಹೇಳ್ತೀನಿ" ಎಂದೆ.

ನನ್ನ ಮಗಳು ದಾವಣಗೆರೆಯಲ್ಲಿ ಶಾಲೆ ಟೀಚರ್. ಫೋನಿನಲ್ಲಿ ಮದುವೆಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಅತ್ತಳು, ಆಮೇಲೆ, "ಅಮ್ಮ ಇಲ್ಲದೆ ನೀವು ಒಬ್ರೇ ಕೂತು ಊಟ ಮಾಡೋದು ನೆನೆಸ್ಕೊಂಡ್ರೆ ನಂಗೆ ಇಲ್ಲಿ ತುತ್ತು ಇಳಿಯಲ್ಲ ಅಪ್ಪಾ. ಮಾಡ್ಕೊಳ್ಳಿ" ಎಂದಳು. ಕಾಯಿಲೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ಒಳ್ಳೆಯ ಮಾತಾಡಿದ್ದಾಳೆ, ಈಗ ಬೇಡ, ಎದುರಿಗೆ ಬಂದಾಗ ಹೇಳೋಣ ಎಂದುಕೊಂಡೆ. ಅವಳು ಮೊಮ್ಮಗಳನ್ನು ಕರೆದುಕೊಂಡು ದಸರಾ ರಜೆಗೆ ಬಂದಳು, ಆಗಲೂ ಹೇಳಲಿಲ್ಲ. ಹೇಳಿದೆಯಾ ಎಂದು ತೀರ್ಥಹಳ್ಳಿಯಿಂದ ಫೋನಿನಲ್ಲಿ ಕೇಳಿದಾಗ, ಹೂಂ ಎಂದೆ.

ದಸರೆ ಕಳೆದ ಭಾನುವಾರ ಅವಳನ್ನು ಊಟಕ್ಕೆ ಕರೆದಿದ್ದೆವು. ಅವಳು ತಿಳಿ ಹಸಿರು ಸೀರೆ ಉಟ್ಟು, ಮೊಮ್ಮಗಳಿಗೆ ಒಂದು ಫ್ರಾಕು ತಂದಿದ್ದಳು. ಮೊಮ್ಮಗಳಿಗೆ ಆಗ ಮೂರು ವರ್ಷ. ಹೊಸಬರ ಹತ್ತಿರ ಹೋಗದ ಮಗು ಅವಳ ತೊಡೆಯ ಮೇಲೆ ಹೋಗಿ ಕೂತು ಬಳೆ ಎಣಿಸತೊಡಗಿತು. ನನ್ನ ಮಗಳು ಅವಳನ್ನು ಚಿಕ್ಕಮ್ಮ ಎಂದು ಕರೆದಳು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ಎಲ್ಲ ತಿಳಿದೂ ಹೀಗೆ ಕರೆಯುತ್ತಿದ್ದಾಳಲ್ಲ ಎಂಬ ಬೆರಗು ಆ ನೋಟದಲ್ಲಿತ್ತು. ನಾನು ಅನ್ನ ಬಡಿಸುವ ನೆಪದಲ್ಲಿ ಎದ್ದೆ.

ಊಟದ ಕೊನೆಗೆ ಮಗಳು ಶಾವಿಗೆ ಪಾಯಸವನ್ನು ಲೋಟದಲ್ಲಿ ಕೊಟ್ಟಳು. ಅವಳು ಅರ್ಧ ಕುಡಿದು ಲೋಟವನ್ನು ಪಕ್ಕದಲ್ಲಿಟ್ಟು ಮಗಳೊಂದಿಗೆ ಮಾತಾಡುತ್ತಿದ್ದಳು. ಮಗು ಆ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟಿತು.

ನಾನು ಕಸಿದುಕೊಂಡೆ. ಹೇಗೆ ಎದ್ದೆ, ಹೇಗೆ ಅಲ್ಲಿಗೆ ಹೋದೆ ಎಂಬುದೇ ನೆನಪಿಲ್ಲ. ಲೋಟ ನನ್ನ ಕೈಯಲ್ಲಿತ್ತು, ಪಾಯಸ ಮಗುವಿನ ಎದೆಯ ಮೇಲೆ, ಅವಳ ಹಸಿರು ಸೀರೆಯ ಮೇಲೆ ಚೆಲ್ಲಿತ್ತು. ಮಗು ಕಿಟಾರನೆ ಕಿರುಚಿ ಅಳತೊಡಗಿತು.

"ಎಂತ ಆಯ್ತಪ್ಪಾ?" ಮಗಳು ಗಾಬರಿಯಾದಳು.

"ಎಂಜಲು... ಎಂಜಲು ಬೇಡ ಅಂತ" ಎಂದೆ.

"ಈಗ ತಾನೆ ನಿಮ್ಮ ಲೋಟದಲ್ಲೇ ಕುಡೀತಲ್ಲ ಅದು" ಎಂದಳು ಮಗಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಆ ಮಾತಿನಿಂದ ಊಟಕ್ಕೆ ಬಂದವಳ ಎದುರು ಎರಡೂ ಬಯಲಾಯಿತು. ನಾನು ಹೆದರಿದ್ದೂ ಬಯಲಾಯಿತು, ಮಗಳಿಗೆ ಹೇಳಿಲ್ಲ ಎನ್ನುವುದೂ ಬಯಲಾಯಿತು. ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಅಡುಗೆಮನೆಗೆ ಹೋಗಿ ನಲ್ಲಿಯ ಕೆಳಗೆ ಅದನ್ನು ಸೋಪು ಹಾಕಿ ಎರಡು ಸಲ ತೊಳೆದು, ಬೋರಲು ಹಾಕಿದಳು. ಸೀರೆಯ ಮೇಲಿನ ಕಲೆಯನ್ನು ನೀರು ಮುಟ್ಟಿಸಿ ಉಜ್ಜಿಕೊಂಡಳು. ಮಗುವಿನ ತಲೆ ಸವರಲೆಂದು ಕೈ ಮುಂದೆ ತಂದವಳು ಹಿಂದಕ್ಕೆ ತೆಗೆದುಕೊಂಡಳು.

"ಮೂರೂ ಕಾಲರ ಬಸ್ಸಿಗೆ ಹೋಗ್ತೀನಮ್ಮ. ಊಟ ತುಂಬ ಚೆನ್ನಾಗಿತ್ತು" ಎಂದು ಮಗಳಿಗೆ ಹೇಳಿ ಚಪ್ಪಲಿ ಮೆಟ್ಟಿದಳು.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದೆ. ಬಸ್ಸು ಬಂದು ನಿಂತ ಮೇಲೆ ಅವಳೇ ಮಾತಾಡಿದಳು.

"ಬೇರೆಯವರು ಹೀಗೆ ಮಾಡಿದ್ರೆ ನಂಗೆ ಬೇಜಾರೇ ಆಗಲ್ಲ. ಪಾಪ, ಗೊತ್ತಿಲ್ಲ ಅವರಿಗೆ ಅಂದ್ಕೊಳ್ತೀನಿ. ನೀವು ಗೊತ್ತಿದ್ದವರು."

ಅವಳ ಬಾಯಲ್ಲಿ ಮತ್ತೆ 'ನೀವು' ಬಂದಿತ್ತು. ಇನ್ನು ಅದು ಹೋಗುವುದಿಲ್ಲ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು.

ಆಮೇಲೆ ಅವಳು ಫೋನ್ ಎತ್ತಲಿಲ್ಲ. ಮೂರು ವಾರ ಕಾದು ತೀರ್ಥಹಳ್ಳಿಗೆ ಹೋದೆ. ಹಾಸ್ಟೆಲಿನ ಹಿಂಭಾಗದಲ್ಲಿ ಅವಳು ಮೆಟ್ಟುಗತ್ತಿಯ ಮುಂದೆ ಕೂತು ಸಂಜೆಯ ಸಾಂಬಾರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಎಂಬತ್ತು ಹುಡುಗಿಯರಿಗೆ ಆಗುವಷ್ಟು ಹೆಚ್ಚಬೇಕು. ನನ್ನನ್ನು ನೋಡಿ ಎದುರಿದ್ದ ಮಣೆ ತೋರಿಸಿದಳು, ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ತಪ್ಪಾಯಿತು ಎಂದೆ. ಮಗುವೆಂದು ಹಾಗಾಯಿತು, ಯೋಚಿಸಿ ಮಾಡಿದ್ದಲ್ಲ ಎಂದೆ. ನನಗಾಗಿ ಎಂದೂ ಹೆದರಿದವನಲ್ಲ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಗಂಡ ಹೋದ ಮೇಲೆ ಅತ್ತೆ ಮನೇಲಿ ನನ್ನ ಬೈಲಿಲ್ಲ, ಹೊಡೀಲಿಲ್ಲ" ಎಂದಳು. "ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ರು. ಅದನ್ನ ಹಿತ್ಲಲ್ಲಿ ಒಂದು ಕಲ್ಲಿನ ಮೇಲೆ ಇಡೋರು. ಮಾತೆಲ್ಲ ಚೆನ್ನಾಗೇ ಆಡ್ತಿದ್ರು. ನಾನು ಆರು ತಿಂಗ್ಳು ನೋಡ್ದೆ. ಒಂದಿನ ಆ ತಟ್ಟೇಲಿ ನಾಯಿ ತಿಂತಾ ಇತ್ತು. ಯಾರೂ ಓಡ್ಸಲಿಲ್ಲ. ಅವತ್ತೇ ಬಸ್ ಹತ್ತಿದೆ."

ಇಷ್ಟು ತಿಂಗಳಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ.

"ಇಲ್ಲಿ ಈ ಹುಡ್ಗೀರು ನನ್ನ ಕೈಯಿಂದ ತುತ್ತು ಕಸ್ಕೊಂಡು ತಿಂತಾವೆ. ಇಲ್ಲಿ ನಂಗೆ ನೆಮ್ಮದಿ ಇದೆ. ನಿಮ್ಮ ಮನೆಗೆ ಬಂದ್ರೆ ದಿನಾ ನಿಮ್ಮ ಕೈನೇ ನೋಡ್ತಾ ಇರ್ತೀನಿ ನಾನು, ಯಾವಾಗ ಏನ್ ಕಿತ್ಕೊಳ್ತದೋ ಅಂತ. ಅದು ನಿಮಗೂ ಕಷ್ಟ, ನಂಗೂ ಕಷ್ಟ."

"ಇನ್ನೊಂದ್ಸಲ ಹಾಗಾಗಲ್ಲ."

"ಆಗ್ದೇ ಇರಬಹುದು." ಅವಳು ಹೆಚ್ಚಿದ ಹೋಳುಗಳನ್ನು ಬಾಣಲೆಗೆ ಸುರಿದಳು. "ಆ ಭಾನುವಾರ ನೀವು ಬರ್ಲಿಲ್ಲ. ಹುಡುಗ, ಹೆದರಿದಾನೆ ಅಂದ್ಕೊಂಡೆ. ಅಪ್ಪನೂ ಹಂಗೇ ಅಂದ್ರು. ಮಗಳಿಗೆ ಹೇಳಿದೀನಿ ಅಂತ ಈಗ ಸುಳ್ಳು ಹೇಳಿದ್ರಲ್ಲ, ಅದಕ್ಕೆ ಎಂತ ಅಂದ್ಕೊಳ್ಳಲಿ?"

ಹಾಸ್ಟೆಲಿನ ಹುಡುಗಿಯೊಬ್ಬಳು ಬಂದು, "ಆಂಟಿ, ಹಾಲು ಬಂತು" ಎಂದಳು. ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಚಾ ಕುಡ್ಕೊಂಡು ಹೋಗಿ" ಎಂದಳು. ಕುಡಿದೆ. ಆಮೇಲೆ ತುಂಗೆಯ ಸೇತುವೆಯ ಮೇಲೆ ತುಂಬ ಹೊತ್ತು ನಿಂತಿದ್ದು, ಕಡೆಯ ಬಸ್ಸು ಹಿಡಿದು ಸಾಗರಕ್ಕೆ ಬಂದೆ.

ಮಗಳಿಗೆ ಆ ವಾರವೇ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ಮಗುವಿನ ಬಗ್ಗೆಯೇ ಕೇಳಿದಳು, ಏನೂ ಆಗುವುದಿಲ್ಲ ತಾನೆ ಎಂದು. ಆಗುವುದಿಲ್ಲ ಎಂದೆ. ನೂರು ಜನಕ್ಕೆ ಹೇಳಿದ ಮಾತು, ಅದೇ ಧಾಟಿಯಲ್ಲಿ ಬಾಯಿಂದ ಬಂತು.

"ಮೊದ್ಲೇ ಹೇಳಿದ್ರೆ ನಾನೂ ಹೆದರ್ತಿದ್ದೆ ಅಪ್ಪಾ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕೇಳಿ, ಓದಿ ತಿಳ್ಕೊಳ್ತಿದ್ದೆ. ನಂಗೆ ಆ ಟೈಮೇ ಕೊಡ್ಲಿಲ್ಲ ನೀವು. ಅವರಿಗೂ ಕೊಡ್ಲಿಲ್ಲ."

ಅವಳು ತಾನೇ ಫೋನ್ ಮಾಡಿ ಚಿಕ್ಕಮ್ಮನಲ್ಲಿ ಕ್ಷಮೆ ಕೇಳಿದಳಂತೆ. ಆ ಕಡೆಯಿಂದ ಮಗು ಹೇಗಿದೆ, ಫ್ರಾಕು ಸರಿಯಾಯಿತಾ ಎಂದು ವಿಚಾರಿಸಿ, ನಿನ್ನದೇನೂ ತಪ್ಪಿಲ್ಲ ಎಂದರಂತೆ. ಅಷ್ಟೇ.

ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನ ದಿನಗಳು ಹೇಗೆ ಹೋದವೆಂದು ಬರೆಯಲು ಹೆಚ್ಚೇನಿಲ್ಲ. ಎರಡು ತಿಂಗಳು ಎರಡನೇ ಭಾನುವಾರ ಸುಮ್ಮನೆ ಹೊಸನಗರಕ್ಕೆ ಹೋಗಿ ಬಂದೆ. ಮೂರನೆಯ ತಿಂಗಳು ಬಸ್ ಸ್ಟ್ಯಾಂಡಿನ ತನಕ ಹೋಗಿ, ಹತ್ತದೆ ಮನೆಗೆ ಬಂದು ಬಟ್ಟೆ ಒಗೆದೆ. ಲ್ಯಾಬಿನಲ್ಲಿ ಈಗ ಯಾರೇ ಬರಲಿ ಗ್ಲೌಸ್ ಹಾಕದೆ ಸೂಜಿ ಮುಟ್ಟುವುದಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗಿ, "ಎಂತ ಸಾರ್, ಇಷ್ಟು ಸ್ಟ್ರಿಕ್ಟ್ ಆಗ್ಬಿಟ್ರಿ?" ಎಂದು ಕೇಳುತ್ತಾಳೆ. ಒಬ್ಬನೇ ಊಟಕ್ಕೆ ಕೂತಾಗ ಕೆಲವೊಮ್ಮೆ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ. ಮಗುವಿನ ಅಳುವಿಗಿಂತ ಹೆಚ್ಚಾಗಿ ನಲ್ಲಿಯ ನೀರಿನ ಸದ್ದು ಕೇಳುತ್ತದೆ.

ಹೋದ ವರ್ಷದ ಜನವರಿಯಲ್ಲಿ ರಿಪ್ಪನ್‌ಪೇಟೆ ಕಡೆಯ ಒಬ್ಬ ಬಸುರಿ ಹುಡುಗಿ ಬಂದಳು. ಇಪ್ಪತ್ತಾರು ವರ್ಷ, ನಾಲ್ಕನೇ ತಿಂಗಳು. ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆಗಳಲ್ಲಿ ಎಚ್‌ಐವಿಯದೂ ಒಂದು. ಪಾಸಿಟಿವ್ ಬಂತು. ಡಾಕ್ಟರು ಸಮಾಧಾನ ಹೇಳಿ, ಖಚಿತ ಮಾಡಿಕೊಳ್ಳಲು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅವಳು ನಮ್ಮ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ಗಂಡ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ನಾನು ಹೋಗಿ ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಮಾತ್ರೆ ಇದೆ, ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು, ಎಲ್ಲರಂತೆ ಬದುಕಬಹುದು. ಹೇಳುತ್ತಿದ್ದ ಹಾಗೇ ನನಗೆ ನಾಚಿಕೆಯಾಯಿತು. ಇದನ್ನು ಹೇಳಬೇಕಾದವನು ನಾನಲ್ಲ ಎನ್ನಿಸಿತು.

"ನಂಗೆ ಪರಿಚಯದ ಒಬ್ರು ಇದಾರೆ. ಅವರ ಹತ್ರ ಮಾತಾಡ್ತೀಯಾ?" ಎಂದು ಕೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.

ಹದಿನಾಲ್ಕು ತಿಂಗಳ ನಂತರ ಆ ನಂಬರ್ ಒತ್ತಿದೆ. ಎತ್ತುತ್ತಾಳೆ ಎಂಬ ನಂಬಿಕೆಯಿರಲಿಲ್ಲ. ಎತ್ತಿದಳು. ವಿಷಯ ಎರಡು ಮಾತಿನಲ್ಲಿ ಹೇಳಿದೆ.

"ಅವಳಿಗೆ ಕೊಡಿ ಫೋನ್" ಎಂದಳು.

ಹುಡುಗಿ ಅರ್ಧ ಗಂಟೆ ಮಾತಾಡಿದಳು. ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಕೊನೆಗೆ ಫೋನ್ ನನ್ನ ಕೈಗೆ ಕೊಟ್ಟಳು. "ಬುಧವಾರ ಶಿವಮೊಗ್ಗಕ್ಕೆ ಕಳ್ಸಿ. ನಾನು ಬಸ್ ಸ್ಟ್ಯಾಂಡಲ್ಲಿ ಇರ್ತೀನಿ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದಳು. ಮಾತು ಮುಂದುವರಿಸಲು ಏನಾದರೂ ಸಿಗುತ್ತದೆಯೋ ಎಂದು ಹುಡುಕಿ, ಹೇಗಿದ್ದೀರಿ ಎಂದೆ. ಚೆನ್ನಾಗಿದ್ದೇನೆ ಎಂದಳು. ಹಿಂದೆ ಯಾರೋ ಕುಕ್ಕರ್ ಕೂಗಿತು ಎನ್ನುತ್ತಿದ್ದರು. ಫೋನ್ ಇಟ್ಟಳು.

ಅಲ್ಲಿಂದ ಈಚೆಗೆ ಇಂಥವರು ಇನ್ನೂ ಇಬ್ಬರು ಬಂದರು. ಅವರು ಒಪ್ಪಿದಾಗ ಅದೇ ನಂಬರ್ ಕೊಟ್ಟೆ. ಆ ನೆಪದಲ್ಲಿ ನಾವು ವರ್ಷದಲ್ಲಿ ಮೂರು ಸಲ ಮಾತಾಡಿದೆವು. ಮೂರನೆಯ ಸಲ, ನಮ್ಮ ಬಗ್ಗೆ ಬರೆಯುತ್ತೇನೆ, ಬರೆಯಲೇ ಎಂದು ಕೇಳಿದೆ. "ಹೆಸರು ಬೇಡ. ಲೋಟದ್ದು ಬಿಡಬ್ಯಾಡಿ" ಎಂದಳು. ಇದನ್ನು ಬರೆಯುವಾಗ ಆ ಭಾಗ ಬಿಟ್ಟುಬಿಡೋಣ ಎಂದು ನನಗೆ ಎರಡು ಮೂರು ಸಲ ಅನ್ನಿಸಿದ್ದು ನಿಜ.

ಆ ಬಸುರಿ ಹುಡುಗಿಗೆ ಹೆಣ್ಣುಮಗುವಾಯಿತು. ಇಲ್ಲಿಯವರೆಗೆ ಮಗುವಿನ ಪರೀಕ್ಷೆಗಳೆಲ್ಲ ಸರಿಯಾಗಿವೆ. ಹೋದ ತಿಂಗಳು ತನ್ನ ಹಿಮೋಗ್ಲೋಬಿನ್ ನೋಡಿಸಲು ಬಂದಿದ್ದಳು. ಮಗುವನ್ನು ನಮ್ಮ ಲ್ಯಾಬಿನ ಹುಡುಗಿಯ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ತೀರ್ಥಹಳ್ಳಿಯ ಅಕ್ಕನ ಮಾತು ಎತ್ತಿದಳು. ಮಗುವಿಗೆ ಸ್ವೆಟರ್ ಹೆಣೆದು ಕೊಟ್ಟಿದ್ದಾರೆ, ತಿಂಗಳ ರಜೆಯ ದಿನ ಈಗ ತಮ್ಮ ಮನೆಗೇ ಬಂದು ಊಟ ಮಾಡಿ ಹೋಗುತ್ತಾರೆ ಎಂದಳು.

"ನಿಮಗೆ ಅಕ್ಕ ಹೇಗೆ ಪರಿಚಯ ಸಾರ್?" ಎಂದು ಕೇಳಿದಳು.

"ಹೊಸನಗರದಲ್ಲಿ ಒಂದೇ ಕಾಲೇಜು" ಎಂದೆ.

"ಹೌದಾ? ಅವರು ಹೇಳೇ ಇಲ್ಲ" ಎಂದಳು.

ನಾನು ಟ್ಯೂಬಿನ ಮೇಲೆ ಅವಳ ಹೆಸರು ಬರೆದು, ಮುಂದಿನವರನ್ನು ಕರೆದೆ.